ಪರದೆಯ ಹಿಂದಿನ ದಾಳ

‘ಡಂಜನ್ಸ್ ಅಂಡ್ ಡ್ರಾಗನ್ಸ್’ ಮೇಜಿನ ಸುತ್ತ ಕೂತು ಆಡುವ ಕಥೆಯಾಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಈ ಆಟ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ನಾಲ್ಕೈದು ಮಂದಿ ತಲಾ ಒಂದೊಂದು ಪಾತ್ರವಾಗುತ್ತಾರೆ. ಉಳಿದ ಕಾಡು, ಊರು, ರಾಕ್ಷಸರೆಲ್ಲ ಒಬ್ಬರ ಕೈಯಲ್ಲಿ. ಅವರು ಗೇಮ್ ಮಾಸ್ಟರ್. ನಾವು ಸೂತ್ರಧಾರ ಎನ್ನೋಣ. ಬೀಸಿದ ಕತ್ತಿ ತಗುಲಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಸೂತ್ರಧಾರರಲ್ಲಿ ಅನೇಕರು ತಮ್ಮ ದಾಳವನ್ನು ರಟ್ಟಿನ ಪರದೆಯ ಹಿಂದೆ ಉರುಳಿಸುತ್ತಾರೆ. ಅಲ್ಲಿ ಒಂದು ಪಾತ್ರ ಸಾಯುವಂಥ ಗರ ಬಿದ್ದಾಗ, ಬೇರೆ ಅಂಕಿ ಹೇಳಿ ಆ ಪಾತ್ರವನ್ನು ಉಳಿಸಬಹುದೇ?

ಇಂಥ ಸಂದರ್ಭ ಬರುವುದು ಕ್ರೌರ್ಯದಿಂದಲ್ಲ, ಲೆಕ್ಕದ ಕಷ್ಟದಿಂದ. 2014ರ ಐದನೇ ಆವೃತ್ತಿಯ ನಿಯಮಗಳನ್ನೇ ನೋಡಿ. 200 ಅಂಕದ ಒಂದೇ ಪ್ರಾಣಿ ನಾಲ್ವರು ಹೊಸ ವೀರರಿಗೆ ಮಧ್ಯಮ ಮಟ್ಟದ ಎದುರಾಳಿ. ತಲಾ 50 ಅಂಕದ ನಾಲ್ಕು ಗಾಬ್ಲಿನ್‌ಗಳ ಮೊತ್ತವೂ 200. ಆದರೆ ಸಂಖ್ಯೆ ಹೆಚ್ಚಿದ್ದರಿಂದ ಅದನ್ನು ಎರಡರಿಂದ ಗುಣಿಸಬೇಕು. 400 ಆದಾಗ ಕಾಳಗ ‘ಮಾರಕ’ ಎಂಬ ಮಟ್ಟಕ್ಕೇರುತ್ತದೆ. ಕಾರಣ ಸರಳ: ಒಂದು ಪ್ರಾಣಿಯ ಬದಲು ನಾಲ್ಕು ಕೈಗಳು ಬೀಸುತ್ತವೆ. ಹೊಸ ಮಾಂತ್ರಿಕನ ಜೀವಬಲ ಆರೇಳು ಅಂಶ. ಗಾಬ್ಲಿನ್ ಕತ್ತಿಯ ಒಂದು ಏಟಿಗೆ ಹೋಗುವುದು ಮೂರರಿಂದ ಎಂಟು. ಎಷ್ಟೇ ಲೆಕ್ಕ ಹಾಕಿದರೂ ಎರಡು ಕೆಟ್ಟ ಗರ ಸಾಕು.

ಆಗ ಪರದೆ ನೆನಪಾಗುತ್ತದೆ. ಆ ಆವೃತ್ತಿಯ ಸೂತ್ರಧಾರರ ಕೈಪಿಡಿಯೇ ಹೀಗೆ ಅಂಕಿ ಬದಲಿಸಲು ಅವಕಾಶ ಕೊಡುತ್ತದೆ. ಜೊತೆಗೆ, ಪದೇ ಪದೇ ಮಾಡಬೇಡಿ, ಮಾಡಿದ್ದು ಗೊತ್ತಾಗದಿರಲಿ ಎಂದೂ ಸೂಚಿಸುತ್ತದೆ. ನನ್ನನ್ನು ತಡೆದು ನಿಲ್ಲಿಸುವುದು ಈ ಎರಡನೇ ಸೂಚನೆ. ಒಳ್ಳೆಯ ಕೆಲಸವಾದರೆ ಮುಚ್ಚಿಡುವುದೇಕೆ? ಗೊತ್ತಾದ ಕ್ಷಣ ಅದರ ಬೆಲೆ ಹೋಗುತ್ತದೆ, ಅದಕ್ಕೆ. ನಾನು ಗೆದ್ದೆ ಎಂದುಕೊಂಡವನಿಗೆ ತನ್ನನ್ನು ಗೆಲ್ಲಿಸಲಾಯಿತು ಎಂದು ತಿಳಿಯುತ್ತದೆ.

ದಾಳದ ಮೋಸ ಎಂದರೆ ನಮಗೆ ಶಕುನಿ. ರೂಢಿಯ ಕಥೆಯಂತೆ ಅವನ ದಾಳ ಹೇಳಿದಂತೆ ಬೀಳುತ್ತಿತ್ತು. ಧರ್ಮರಾಯ ಸೋಲುವ ಸಾಧ್ಯತೆಯನ್ನು ಒಪ್ಪಿಯೇ ಕೂತಿದ್ದ; ಒಪ್ಪದಿದ್ದದ್ದು ಮೊದಲೇ ತೀರ್ಮಾನವಾದ ಆಟವನ್ನು. ಸೂತ್ರಧಾರನದು ಕರುಣೆ, ಶಕುನಿಯದು ಹಗೆ. ಈ ವ್ಯತ್ಯಾಸ ಸಣ್ಣದಲ್ಲ. ಆದರೂ ಎದುರಿಗೆ ಕೂತವರು ಒಪ್ಪಿದ ಆಟ ಇಬ್ಬರ ಕೈಯಲ್ಲೂ ಇಲ್ಲವಾಗುತ್ತದೆ. ತತ್ತ್ವಶಾಸ್ತ್ರಜ್ಞ ಬರ್ನಾರ್ಡ್ ಸೂಟ್ಸ್ 1978ರ ‘ದ ಗ್ರಾಸ್‌ಹಾಪರ್’ ಕೃತಿಯಲ್ಲಿ ಆಟವೆಂದರೆ ಅನಗತ್ಯ ಅಡೆತಡೆಗಳನ್ನು ತಾನಾಗಿ ಒಪ್ಪಿಕೊಂಡು ದಾಟುವ ಯತ್ನ ಎಂದು ವಾದಿಸಿದ. ಅಡೆತಡೆಯನ್ನು ಗುಟ್ಟಾಗಿ ತೆಗೆದರೆ ದಾಟುವುದಕ್ಕೆ ಏನು ಉಳಿಯಿತು?

ಇದಕ್ಕೊಂದು ಗಟ್ಟಿಯಾದ ಆಕ್ಷೇಪವಿದೆ. ಲೆಕ್ಕ ತಪ್ಪಿದ್ದು ಸೂತ್ರಧಾರನದು. ತಿಂಗಳುಗಟ್ಟಲೆ ಬೆಳೆಸಿದ ಪಾತ್ರವನ್ನು ಆಟಗಾರ್ತಿ ಏಕೆ ಕಳೆದುಕೊಳ್ಳಬೇಕು? ನ್ಯಾಯವಾದ ಮಾತು. ಆದರೆ ಕರುಣೆಗೆ ಸುಳ್ಳೊಂದೇ ದಾರಿಯಲ್ಲ. ಗಾಬ್ಲಿನ್‌ಗಳು ಸೋತವರನ್ನು ಸೆರೆಹಿಡಿದು ಒತ್ತೆಹಣ ಕೇಳಬಹುದು. ನಾಯಕ ಬಿದ್ದರೆ ಓಡಿಹೋಗಬಹುದು. ಹತ್ತಿರದಿಂದ ಹೊಡೆದು ಕೆಡವಿದವರನ್ನು ಕೊಲ್ಲದೆ ಪ್ರಜ್ಞೆ ತಪ್ಪಿಸಲು ನಿಯಮದಲ್ಲೇ ಅವಕಾಶವಿದೆ. ಇವೆಲ್ಲ ಎಲ್ಲರ ಕಣ್ಣೆದುರು ನಡೆಯುತ್ತವೆ. ಸೆರೆಯಿಂದ ತಪ್ಪಿಸಿಕೊಳ್ಳುವ ಹೊಸ ಕಷ್ಟವೂ ಆಟಗಾರರದೇ ಆಗುತ್ತದೆ. ಇನ್ನು, ‘ಇಲ್ಲಿ ಯಾರೂ ಸಾಯುವುದು ಬೇಡ’ ಎಂದು ಮೊದಲೇ ಎಲ್ಲರೂ ಮಾತಾಡಿಕೊಂಡಿದ್ದರೆ ದಾಳ ಬದಲಿಸುವುದು ಮೋಸವೇ ಅಲ್ಲ.

ನಮ್ಮ ಪರೀಕ್ಷೆಗಳಲ್ಲಿ ಕೃಪಾಂಕ ಎಂಬುದುಂಟು. ಎಷ್ಟು ಅಂಕ, ಯಾರಿಗೆ ಎಂಬುದು ನಿಯಮದಲ್ಲಿರುವವರೆಗೆ ಅದು ಕೃಪೆ. ಒಬ್ಬ ಮೇಷ್ಟ್ರು ಪಾಪವೆನಿಸಿ ಗುಟ್ಟಾಗಿ ಹತ್ತು ಅಂಕ ಸೇರಿಸಿದರೆ, ಆ ವಿದ್ಯಾರ್ಥಿ ತನ್ನ ಬಗ್ಗೆಯೇ ಒಂದು ಸುಳ್ಳನ್ನು ನಂಬಿ ಮುಂದಿನ ತರಗತಿಗೆ ಹೋಗುತ್ತಾನೆ. ಅಲ್ಲಿ ಎಡವಿದಾಗ ಏಕೆಂದು ಅವನಿಗೆ ತಿಳಿಯುವುದೇ ಇಲ್ಲ. ಸೋಲನ್ನು ಹಗುರ ಮಾಡುವುದು ಪ್ರೀತಿಯೇ ಇರಬಹುದು. ಆದರೆ ಸೋತಿದ್ದು ಗೊತ್ತಾಗುವ ಹಕ್ಕನ್ನೂ ಕಸಿದುಕೊಳ್ಳುವ ಪ್ರೀತಿ, ಎದುರಿಗಿರುವವರನ್ನು ತನಗೆ ಸಮ ಎಂದು ಎಣಿಸಿಲ್ಲ.