ನಟ ಹೇಳಿದನೆಂದು ಲಸಿಕೆಯೇ?

ಹೆಸರಾಂತ ನಟನೊಬ್ಬ ಹೇಳಿದನೆಂಬ ಕಾರಣಕ್ಕೆ ತಾಯಿಯೊಬ್ಬಳು ಮಗುವಿಗೆ ಲಸಿಕೆ ಹಾಕಿಸಿದರೆ ಅದು ಸರಿಯೇ? ಮಗು ಬದುಕಿತಲ್ಲ, ಕಾರಣ ಕೆದಕುವುದೇಕೆ ಎನ್ನುವವರುಂಟು. ಆದರೂ ಕೆದಕಬೇಕು.

ಈ ಉಪಾಯ ನಮ್ಮ ನಾಡಿಗೆ ಹೊಸದಲ್ಲ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಬರೆದ ಮೈಸೂರು ರಾಣಿಯರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಸಿಡುಬಿನ ಲಸಿಕೆಗೆ ಜನರನ್ನು ಒಲಿಸಲೆಂದೇ ಅದನ್ನು ಬರೆಸಿರಬೇಕೆಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಊಹೆ. ಎರಡು ಶತಮಾನದ ಬಳಿಕ ಅಮಿತಾಭ್ ಬಚ್ಚನ್ ಟೀವಿಯಲ್ಲಿ ಗದರಿಸಿಯೇ ಪೋಲಿಯೋ ಹನಿ ಹಾಕಿಸಿರೆಂದರು. 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡದ್ದೇ ದೇಶದ ಕೊನೆಯ ವೈಲ್ಡ್ ಪೋಲಿಯೋ ಪ್ರಕರಣ. 2014ರ ಮಾರ್ಚ್ 27ರಂದು ಭಾರತ ಪೋಲಿಯೋ ಮುಕ್ತವೆಂದು ಘೋಷಣೆಯಾಯಿತು. ಒಳ್ಳೆಯದೇ ಆಯಿತು.

ಆದರೆ ಕೀರ್ತಿಯನ್ನು ನೆಚ್ಚಿದ ನಂಬಿಕೆ ಕೀರ್ತಿವಂತನಿಗೆ ಏನಾದರೂ ಆದಾಗ ಅಲುಗಾಡುತ್ತದೆ. ತಮಿಳು ನಟ ವಿವೇಕ್ 2021ರ ಏಪ್ರಿಲ್ 15ರಂದು ಜನರಿಗೆ ಧೈರ್ಯ ತುಂಬಲೆಂದೇ ಕೋವಿಡ್ ಲಸಿಕೆ ಪಡೆದರು. 17ರಂದು ಹೃದಯಾಘಾತದಿಂದ ತೀರಿಕೊಂಡರು. ಎರಡಕ್ಕೂ ಸಂಬಂಧವಿಲ್ಲವೆಂದು ವೈದ್ಯರು ಹೇಳಿದರು, ಮುಂದೆ ತನಿಖೆಯೂ ಅದನ್ನೇ ಹೇಳಿತು. ಅಷ್ಟರಲ್ಲಿ ಭಯ ಊರೂರು ಸುತ್ತಿತ್ತು. ಅದು ದೊಡ್ಡವರ ಲಸಿಕೆ, ನಿಜ. ದೊಡ್ಡವರು ತಮಗಾಗಿ ಬೇಡವೆನ್ನಬಹುದು; ತೊಟ್ಟಿಲ ಕೂಸಿಗೆ ಆ ಬಾಯಿ ಎಲ್ಲಿದೆ? ತಂದೆತಾಯಿ ಎರವಲು ತಂದ ಧೈರ್ಯಕ್ಕೂ ಎರವಲು ತಂದ ಭಯಕ್ಕೂ ಬೆಲೆ ತೆರುವುದು ಅದೇ ಕೂಸು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಕಡೆಯಿಂದ ಎಷ್ಟೋ ಕುಟುಂಬಗಳು ಕೂಲಿಗಾಗಿ ಗೋವಾ, ಮಹಾರಾಷ್ಟ್ರಕ್ಕೆ ಗುಳೆ ಹೋಗುತ್ತವೆ. ಪೋಲಿಯೋ ಹನಿಯನ್ನು ಬಸ್‌ಸ್ಟ್ಯಾಂಡಿನಲ್ಲೂ ಹಾಕಿಸಬಹುದು. ಆದರೆ ಆರು, ಹತ್ತು, ಹದಿನಾಲ್ಕನೇ ವಾರದ ಚುಚ್ಚುಮದ್ದು, ಒಂಬತ್ತು ತಿಂಗಳ ದಡಾರದ ಲಸಿಕೆ ಹಾಗಲ್ಲ. ಕೆಲವು ಕೂಸುಗಳಿಗೆ ಆ ರಾತ್ರಿ ಜ್ವರ ಬರುತ್ತದೆ, ತೊಡೆ ಬಾಯುತ್ತದೆ. ಆಗ "ಸುಮ್ಮನಿದ್ದ ಕೂಸಿಗೆ ಯಾಕ ಚುಚ್ಚಿಸಿದಿ?" ಎಂದು ಅತ್ತೆ ಕೇಳಿದರೆ ಸೊಸೆ ನಟನ ಹೆಸರು ಹೇಳಬೇಕೇ? ಎರಡು ದಿನದಲ್ಲಿ ಇಳಿಯುವ ಜ್ವರವಿದು, ಮೈ ರೋಗದೊಡನೆ ಹೋರಾಡಲು ಕಲಿಯುತ್ತಿದೆ ಎಂದು ಆಕೆಗೆ ಮೊದಲೇ ತಿಳಿಸಿದವರು ಯಾರು? ಆಶಾ ಅಕ್ಕ ತಿಳಿಸಿರಬೇಕು, ಇಲ್ಲವೇ ಯಾರೂ ಇಲ್ಲ. ನನ್ನ ಮಟ್ಟಿಗೆ ಬಚ್ಚನ್‌ರ ಗದರಿಕೆಗಿಂತ, ಮರುದಿನ ಬಂದು "ಜ್ವರ ಇಳೀತೇನವಾ?" ಎನ್ನುವ ಆ ಮಾತು ದೊಡ್ಡದು.

ಗುಳೆ ಹೊರಟವರು ತಾಯಿ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಳ್ಳಲಿ. ಯಾವ ರಾಜ್ಯದ ಸರ್ಕಾರಿ ಆಸ್ಪತ್ರೆಯಲ್ಲೂ ಈ ಲಸಿಕೆಗೆ ದುಡ್ಡಿಲ್ಲ. ಒಂದು ಸರದಿ ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ.