ಎಂಟು ಪಿನ್ನಿನ ಭೇದ

ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಜೋಡಿಸುವ ನನಗೆ ಮಧ್ವರ ಪಂಚಭೇದದಲ್ಲಿ ಜಡ-ಜಡ ಭೇದವೇ ಹೆಚ್ಚು ಹತ್ತಿರ. ಸಿಪಿಯುಗೆ ಹೋಗುವ ಎಂಟು ಪಿನ್ನಿನ ಕನೆಕ್ಟರ್, ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನಿನದು: ನೋಡಲು ಒಂದೇ, ಹರಿಯುವುದೂ ಅದೇ 12 ವೋಲ್ಟ್. ಆದರೆ ಒಂದರಲ್ಲಿ 12 ವೋಲ್ಟ್ ಇರುವ ಸಾಲಿನಲ್ಲಿ ಇನ್ನೊಂದಕ್ಕೆ ಗ್ರೌಂಡ್. ಪಿನ್ನುಗಳ ಅಚ್ಚೂ ಬೇರೆ. ಒತ್ತಾಯಿಸಿ ತುರುಕಿದವನು ಬೋರ್ಡನ್ನೇ ಸುಟ್ಟಾನು. ಈ ಭೇದ ಮಾಯೆಯಲ್ಲ.

ಅಗ್ಗದ ಹಲವು ಎಚ್81 ಬೋರ್ಡುಗಳಲ್ಲಿ ಸಿಪಿಯುಗೆ ನಾಲ್ಕೇ ಪಿನ್ನು. ಗಿರಾಕಿಗಳು ಮುಖ ಸಣ್ಣ ಮಾಡುತ್ತಾರೆ. 4+4 ಕೇಬಲನ್ನು ಬಿಡಿಸಿ ಅರ್ಧ ಕೂರಿಸಿದರೆ ಅಂಥ ಬೋರ್ಡಿನ ಪ್ರೊಸೆಸರಿಗೆ ಬೇಕಾದಷ್ಟೂ ಸಿಗುತ್ತದೆ. ಮುಕ್ತಿಯಲ್ಲೂ ತಾರತಮ್ಯವುಂಟು, ಪ್ರತಿ ಜೀವವೂ ತನ್ನ ಯೋಗ್ಯತೆಯಷ್ಟು ಪೂರ್ಣ ಎನ್ನುತ್ತದೆ ದ್ವೈತ. ಬೋರ್ಡಿನ ಮಟ್ಟಿಗೆ ಕೈಮುಗಿದು ಒಪ್ಪುತ್ತೇನೆ. ಮನುಷ್ಯನ ಯೋಗ್ಯತೆಯೂ ಅನಾದಿಯಿಂದ ನಿಗದಿಯೆಂದಾಗ ಮಾತ್ರ ಮನಸ್ಸು ತಡೆಯುತ್ತದೆ. ಕೆಲಸ ಕಲಿಯಲು ಬರುವ ಹುಡುಗನದನ್ನು ಯಾವ ಮ್ಯಾನ್ಯುಯಲ್ ನೋಡಿ ಹೇಳಲಿ?