ಪುಸ್ತಕ ಹೇಳುವವನ ಹೊಣೆ

"ಓದುವುದಕ್ಕೆ ಒಂದು ಒಳ್ಳೆಯ ಪುಸ್ತಕ ಹೇಳಿ" ಎಂದು ಯಾರಾದರೂ ಕೇಳಿದರೆ ಕನ್ನಡ ಮೇಷ್ಟರಿಗೆ ಆಗುವ ಸಂತೋಷ ಅಷ್ಟಿಷ್ಟಲ್ಲ. ಮದುವೆಯ ಮನೆಯಲ್ಲಿ ಹಾಡು ಬಲ್ಲವರನ್ನು ಹಾಡಿ ಎಂದು ಕೇಳಿದಂತೆಯೇ ಅದು. ಯಾರಾದರೂ ಕೇಳಲೆಂದೇ ಅವರು ಕಾದಿರುತ್ತಾರೆ. ಆದರೆ ಹಾಗೆ ಹೇಳುವುದರಲ್ಲಿ ಒಂದು ಧರ್ಮಸೂಕ್ಷ್ಮವೂ ಇದೆಯೆಂದು ನನಗೆ ಅರಿವಾದದ್ದು ಈಚೆಗೆ, ಅದೂ ನನ್ನದೇ ತಪ್ಪಿನಿಂದ.

ನ್ಯಾಮತಿಯಲ್ಲಿ ನನಗೆ ಪರಿಚಯದ ಮನೆಯೊಂದಿದೆ. ಆ ಮನೆಯಾಕೆ ಹೊಲಿಗೆಯ ಕೆಲಸ ಮಾಡಿ ಸಂಸಾರ ತೂಗಿಸುವವರು; ವಯಸ್ಸು ಐವತ್ತರ ಹತ್ತಿರ. ತ್ರಿವೇಣಿಯವರಿಂದ ಹಿಡಿದು ಸಾಯಿಸುತೆಯವರವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದಾರೆ. ಒಂದು ದಿನ ಅವರು, "ಮೇಷ್ಟ್ರೇ, ಈಗಿನ ಕಾಲದ ಹುಡುಗ ಹುಡುಗಿಯರ ಪ್ರೀತಿಯ ಕಾದಂಬರಿ ಯಾವುದಾದರೂ ಇದ್ದರೆ ತಂದುಕೊಡಿ. ಓದಿದ ಮೇಲೆ ಮನಸ್ಸು ಹಗುರಾಗಬೇಕು ನೋಡಿ" ಎಂದರು. ನಾನು ತಂದುಕೊಟ್ಟದ್ದು ಎಂ. ಕೆ. ಇಂದಿರಾ ಅವರ 'ಫಣಿಯಮ್ಮ'. 1976ರಲ್ಲಿ ಬಂದ ಆ ಕಾದಂಬರಿ ಬಾಲವಿಧವೆಯೊಬ್ಬಳ ಇಡೀ ಜೀವಮಾನದ ಕಥೆ. "ಇದೂ ಹೆಣ್ಣಿನ ಬದುಕೇ ಅಲ್ಲವೆ ಅಕ್ಕ?" ಎಂದು ಸಮಾಧಾನ ಬೇರೆ ಹೇಳಿದೆ. ಹದಿನೈದು ದಿನದ ಮೇಲೆ ಪುಸ್ತಕ ಹಿಂದಕ್ಕೆ ಬಂತು. "ದೊಡ್ಡ ಪುಸ್ತಕ ಮೇಷ್ಟ್ರೇ, ಓದಿ ಅತ್ತೆ. ಆದರೆ ನಾನು ಕೇಳಿದ್ದು ಇದನ್ನಲ್ಲವಲ್ಲ" ಎಂದರು. ಮಾತಿನಲ್ಲಿ ಕೋಪವಿರಲಿಲ್ಲ. ಆದರೆ ಆಮೇಲೆ ಬಹಳ ದಿನ ಅವರು ನನ್ನನ್ನು ಪುಸ್ತಕ ಕೇಳಲಿಲ್ಲ.

ನಾನು ಮಾಡಿದ್ದಾದರೂ ಏನು? ಕೆಟ್ಟ ಪುಸ್ತಕ ಕೊಡಲಿಲ್ಲ. ಕೊಟ್ಟದ್ದು ಶ್ರೇಷ್ಠ ಕೃತಿಯನ್ನೇ. ಆದರೂ ಅದರಲ್ಲಿ ಒಂದು ವಂಚನೆ ಇತ್ತು. ಆಕೆಯ ಪ್ರಶ್ನೆಗೆ ಉತ್ತರ ಹೇಳುವಂತೆ ನಟಿಸಿ, ನನ್ನ ಮನಸ್ಸಿನಲ್ಲಿದ್ದ ಬೇರೊಂದು ಪ್ರಶ್ನೆಗೆ ಉತ್ತರ ಕೊಟ್ಟಿದ್ದೆ. ಆಕೆ ಕೇಳಿದ್ದು ಸಂತೋಷವನ್ನು. ನಾನು ಕೊಟ್ಟದ್ದು ಸುಧಾರಣೆಯನ್ನು. ಹಗಲೆಲ್ಲ ಯಂತ್ರದ ಮುಂದೆ ಬೆನ್ನು ಬಗ್ಗಿಸಿ ಕೂತವರಿಗೆ ಯಾವುದು ಬೇಕೆಂಬುದು ಅವರಿಗಿಂತ ನನಗೆ ಚೆನ್ನಾಗಿ ಗೊತ್ತೆಂಬ ಅಹಂಕಾರವೇ ಇದರ ಬೇರು.

ಈ ಅಹಂಕಾರಕ್ಕೆ ಪಾಂಡಿತ್ಯದ ಆಧಾರವೂ ಇಲ್ಲ. ನಾವು ದಿನವೂ ಬಳಸುವ 'ಕಾದಂಬರಿ' ಎಂಬ ಮಾತೇ ಒಂದು ಪ್ರೇಮಕಥೆಯ ನಾಯಕಿಯ ಹೆಸರು. 7ನೆಯ ಶತಮಾನದಲ್ಲಿ ಬಾಣಭಟ್ಟ ಬರೆದ ಆ ಕಥೆಯನ್ನು 10ನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಕನ್ನಡಕ್ಕೆ ತಂದ. 12ನೆಯ ಶತಮಾನದ ನೇಮಿಚಂದ್ರ, ಕನಸಿನಲ್ಲಿ ಕಂಡ ಕನ್ಯೆಯನ್ನು ಅರಸಿ ಹೊರಟ ರಾಜಕುಮಾರನ ಕಥೆಯನ್ನು 'ಲೀಲಾವತೀ ಪ್ರಬಂಧ'ದಲ್ಲಿ ಹೇಳಿದ. ತರಗತಿಯಲ್ಲಿ ಇವನ್ನೆಲ್ಲ ಗಂಭೀರವಾಗಿ ಪಾಠ ಮಾಡುವ ನಾನೇ ಮನೆಗೆ ಬಂದು ಪ್ರೇಮಕಾದಂಬರಿಯೆಂದರೆ ಮೂಗು ಮುರಿಯುತ್ತೇನೆ. ಎಂಟುನೂರು ವರ್ಷ ಹಳೆಯದಾದರೆ ಶೃಂಗಾರವು ಪಠ್ಯ, ಈಚಿನದಾದರೆ ಕಾಲಹರಣ! ಇದು ಯಾವ ನ್ಯಾಯ?

ಹಾಗಾದರೆ ಕೇಳಿದವರಿಗೆ ಕೇಳಿದ್ದನ್ನೆಲ್ಲ ಕೊಡುವುದೇ ಧರ್ಮವೆ ಎಂದು ನೀವು ಕೇಳಬಹುದು. ಪ್ರಶ್ನೆ ಸಣ್ಣದಲ್ಲ. ನಾಯಕನ ಒರಟುತನವನ್ನೇ ಪ್ರೀತಿಯೆಂದು ಹೊಗಳುವ, ಹೆಣ್ಣಿನ ಸಹನೆಗೆ ಕೊನೆಯೇ ಇರಬಾರದೆಂದು ಉಪದೇಶಿಸುವ ಕಾದಂಬರಿಗಳು ನಮ್ಮಲ್ಲಿ ಉಂಟು. ಅಂಥದನ್ನು ಕಣ್ಣುಮುಚ್ಚಿ ಕೊಡಲು ನನಗೂ ಮನಸ್ಸು ಬಾರದು. ಆದರೆ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆಯನ್ನು ಇಲ್ಲಿಗೆ ತರುವ ಮೊದಲು ಒಂದು ಮಾತು ನೆನಪಿಡಬೇಕು: ಓದುಗರು ರೋಗಿಗಳಲ್ಲ. ಐವತ್ತು ವರ್ಷ ಬದುಕಿದ ಹೆಣ್ಣುಮಗಳಿಗೆ ಗಂಡಸಿನ ಒರಟುತನವನ್ನು ಗುರುತಿಸಲು ನನ್ನ ಟಿಪ್ಪಣಿ ಬೇಕಿಲ್ಲ. ನನಗೆ ಒಪ್ಪಿಗೆಯಾಗದ್ದು ಪುಸ್ತಕದಲ್ಲಿದ್ದರೆ ಇದೆ ಎಂದು ಹೇಳಬೇಕು. ತೀರ್ಮಾನವನ್ನು ಅವರಿಗೆ ಬಿಡಬೇಕು. ಮರೆಮಾಚುವುದು ಹೇಗೆ ತಪ್ಪೋ ತಡೆಹಿಡಿಯುವುದೂ ಹಾಗೆಯೇ ತಪ್ಪು.

ನಮ್ಮ ಸೀಮೆಯ ರೈತರಿಗೆ ಈ ವಿವೇಕ ಸಹಜವಾಗಿಯೇ ಇದೆ. ಚನ್ನಗಿರಿಯ ತೋಟದಲ್ಲಿ ಅಡಕೆ ಎಷ್ಟು ಸೊಗಸಾಗಿ ಬೆಳೆದರೂ, ಜಗಳೂರಿನ ಮಳೆ ನಂಬಿದ ಒಣಹೊಲದವನಿಗೆ ಅದರ ಸಸಿಯನ್ನು ಯಾರೂ ಕೊಡುವುದಿಲ್ಲ. "ನಿನ್ನ ನೆಲ ಎಂಥದು, ನೀರು ಎಷ್ಟಿದೆ?" ಎಂದು ಮೊದಲು ಕೇಳುತ್ತಾರೆ. ಪುಸ್ತಕ ಹೇಳುವವನೂ ಅಷ್ಟು ಕೇಳಬೇಡವೆ?

ಏಕೆಂದರೆ 'ಪ್ರೇಮಕಾದಂಬರಿ' ಎಂಬ ಒಂದೇ ಹಣೆಪಟ್ಟಿಯ ಕೆಳಗೆ ಎಷ್ಟೋ ಬಗೆಗಳು ಅಡಗಿವೆ. ತ್ರಿವೇಣಿಯವರ 'ಬೆಳ್ಳಿಮೋಡ'ದಲ್ಲಿ ಆಸ್ತಿಯ ಆಸೆಗೆ ಒಲಿದು, ಅದು ತಪ್ಪಿದಾಗ ಕೈಬಿಟ್ಟವನನ್ನು ನಾಯಕಿ ಕೊನೆಗೆ ನಿರಾಕರಿಸುತ್ತಾಳೆ. ಅವರದೇ 'ಶರಪಂಜರ' ಒಲವಿನಿಂದ ಹೊರಟು ಮನೋವ್ಯಾಧಿಯ ಕತ್ತಲಿಗೆ ಹೋಗುತ್ತದೆ. ಹೊನ್ನಾಳಿಗೆ ದೂರವಲ್ಲದ ಮಲೇಬೆನ್ನೂರಿನಲ್ಲಿ 1920ರಲ್ಲಿ ಹುಟ್ಟಿದ ತ. ರಾ. ಸು. ಅವರ 'ನಾಗರಹಾವು' ಓದಿದವರಿಗೆ ಅದರ ಪ್ರೇಮ ಎಷ್ಟು ಸುಡುವಂಥದೆಂದು ಗೊತ್ತು. ಇವೆಲ್ಲ ಪ್ರೀತಿಯ ಕಥೆಗಳೇ. ಆದರೆ ಮನಸ್ಸು ಹಗುರಾಗಲಿ ಎಂದು ಕೇಳಿದವರಿಗೆ ಇವನ್ನು ಕೊಟ್ಟರೆ ಮತ್ತೆ ಅದೇ ತಪ್ಪು.

ಈ ತಿಳಿವಳಿಕೆ ಬಂದ ಮೇಲೆ ನಾನು ಹುಡುಕಲು ಹೊರಟೆ. ಹೊಸ ಪ್ರೇಮಕಾದಂಬರಿಗಳ ವಿಚಾರದಲ್ಲಿ ನಮ್ಮ ವಿಮರ್ಶೆ ಬಹುಮಟ್ಟಿಗೆ ಮೌನವಾಗಿದೆ. ಬಾಡಿಗೆಗೆ ಕಾದಂಬರಿ ಕೊಟ್ಟು, ಯಾರಿಗೆ ಯಾವುದು ರುಚಿಸೀತೆಂದು ಮುಖ ನೋಡಿಯೇ ಹೇಳುತ್ತಿದ್ದ ಅಂಗಡಿಯವರು ಈಗ ಅಪರೂಪ. ಎಷ್ಟೋ ಕಥೆಗಳು ಪ್ರತಿಲಿಪಿಯಂಥ ಕಡೆ, ಮೊಬೈಲಿನಲ್ಲಿ, ಕಂತುಕಂತಾಗಿ ಹುಟ್ಟುತ್ತಿವೆ. ಕೊನೆಗೆ ನನಗೆ ದಾರಿ ತೋರಿದವರು ಓದುಗರೇ: ಗ್ರಂಥಾಲಯದಲ್ಲಿ ಕಂಡ ನಿವೃತ್ತ ಶಿಕ್ಷಕಿಯೊಬ್ಬರು, ಬಸ್ಸಿನಲ್ಲಿ ಓದುತ್ತಾ ಕಾಲೇಜಿಗೆ ಬರುವ ಇಬ್ಬರು ವಿದ್ಯಾರ್ಥಿನಿಯರು. ಅವರು ಹೇಳಿದ್ದನ್ನು ತಂದು ನಾನೇ ಓದಿದೆ. ಓದದ ಪುಸ್ತಕವನ್ನು ಹೊಗಳುವುದು ನೋಡದ ವರನಿಗೆ ಹೆಣ್ಣು ಗೊತ್ತುಮಾಡಿದಂತೆ. ಒಂದು ನೋಟುಬುಕ್ಕಿನಲ್ಲಿ ಕಥೆ ಎಲ್ಲಿ ನಡೆಯುತ್ತದೆ, ಎಲ್ಲಿ ಮುಗಿಯುತ್ತದೆ, ಓದುವಾಗ ಎಲ್ಲಿ ಮನಸ್ಸು ನೊಂದೀತು ಎಂದಷ್ಟೇ ಬರೆದುಕೊಂಡೆ. ಅಂಕ ಕೊಡುವ ಮೇಷ್ಟರ ಚಾಳಿಯನ್ನು ಅಲ್ಲಿಗೆ ಬರಗೊಡಲಿಲ್ಲ. ಹಾಗೆ ಓದುತ್ತಾ ಓದುತ್ತಾ ಒಂದೆರಡು ಕಡೆ ಊಟದ ಹೊತ್ತು ಮೀರಿದ್ದನ್ನೂ ಒಪ್ಪಿಕೊಳ್ಳಬೇಕು.

ಮೊನ್ನೆ ಅವುಗಳಲ್ಲಿ ಒಂದನ್ನು ಹಿಡಿದುಕೊಂಡು ನ್ಯಾಮತಿಗೆ ಹೋದೆ. "ಅಕ್ಕ, ಇದನ್ನು ನಾನು ಓದಿದ್ದೇನೆ. ಈಗಿನ ಕಾಲದ ಕಥೆ, ಕೊನೆ ಸುಖವಾಗಿದೆ. ನಡುವೆ ಆ ಹುಡುಗ ಒಂದೆರಡು ಕಡೆ ಒರಟಾಗಿ ಮಾತಾಡುತ್ತಾನೆ; ಅದು ನನಗೆ ಹಿಡಿಸಲಿಲ್ಲ" ಎಂದೆ.

ಅವರು ಯಂತ್ರ ನಿಲ್ಲಿಸಿ ಪುಸ್ತಕ ತೆಗೆದುಕೊಂಡರು. "ಕೊಡಿ ಮೇಷ್ಟ್ರೇ. ಆ ಹುಡುಗನನ್ನು ನಾನು ವಿಚಾರಿಸಿಕೊಳ್ಳುತ್ತೇನೆ" ಎಂದು ನಕ್ಕರು. ನಾನು ಹೊರಡುವಾಗ ಒಳಗಿನಿಂದ ಹಾಳೆ ಸವೆದ ಹಳೆಯ ಕಾದಂಬರಿಯೊಂದನ್ನು ತಂದು ನನ್ನ ಕೈಗಿಟ್ಟರು. "ನೀವು ಇದನ್ನು ಓದಿ ನೋಡಿ" ಎಂದರು. ಈಗ ಅದು ನನ್ನ ಮೇಜಿನ ಮೇಲಿದೆ, ಅರ್ಧ ಮುಗಿದಿದೆ.